ಹನೋಯಿಯಲ್ಲಿ ಬಿಟ್ಟು ಬಂದದ್ದು

"ಬರ್ರಿ ಮೇಡಂ, ಒಳಗ ಬರ್ರಿ. ನೀರು ತಗೋರಿ."

ಮೇಡಂ ಅಂತೆ...

ಕ್ರಾಂತಿಯ ಕಾಲು ಹೊಸ್ತಿಲಲ್ಲೇ ತಡೆಯಿತು. ನೀರಿನ ತಂಬಿಗೆ ಹಿಡಿದು ಎದುರಿಗೆ ನಿಂತವನು ಹಂಪೇಶ್. ಹಡಗಲಿಯ ಮಲ್ಲಿಗೆ ವ್ಯಾಪಾರಿ. ಹನೋಯಿಯ ಬೀದಿಯಲ್ಲಿ ಎಡಕ್ಕೂ ಬಲಕ್ಕೂ ನುಗ್ಗುವ ಸ್ಕೂಟರುಗಳ ನಡುವೆ ಅವಳ ಕೈ ಹಿಡಿದು ರಸ್ತೆ ದಾಟಿಸಿದವನು. ಅಲ್ಲಿದ್ದಷ್ಟು ದಿನವೂ ಹೊತ್ತು ಹೊತ್ತಿಗೆ 'ಕ್ರಾಂತಿ, ಕ್ರಾಂತಿ' ಎಂದು ಬಾಯಿ ತುಂಬ ಕರೆದವನು. ಊರಿಗೆ ಬಂದ ಮೇಲೆ ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ. ಇವಳು ಮಾಡಿದ ಫೋನೂ ಎತ್ತಲಿಲ್ಲ. ಇವತ್ತು ಎದುರಿಗೆ ಸಿಕ್ಕರೆ ಮೇಡಂ!

"ನೀರು ಬ್ಯಾಡ್ರಿ," ಎಂದಳು. ಕೊಟ್ಟೂರಿನ ಬಿಸಿಲಿಗೆ ಗಂಟಲು ಒಣಗಿ ಹೋಗಿತ್ತು. ಆದರೂ ಅವನ ಕೈಯ ನೀರು ಬೇಡ.

ಅವನು ಸೊರಗಿದ್ದ. ಕೆನ್ನೆ ಒಳಗೆ ಹೋಗಿತ್ತು. 'ಯಾಕ ಹಿಂಗಾಗ್ಯಾನ?' ಎಂದು ಮನಸ್ಸು ಕೇಳಿತು. ಕ್ರಾಂತಿ ಆ ಮನಸ್ಸಿಗೆ ಸರಿಯಾಗಿ ಬೈದು, ಅವನನ್ನು ದಾಟಿಕೊಂಡು ಒಳಗೆ ಹೋದಳು.

ಒಳಗೆ ಹಬ್ಬದ ಗದ್ದಲ. ಮನೆಯ ಯಜಮಾನ ಶಿವಯೋಗಪ್ಪ ಬಟ್ಟೆ ಅಂಗಡಿಯನ್ನು ಮಕ್ಕಳ ಕೈಗೆ ಕೊಟ್ಟು ಊರೂರು ಸುತ್ತುವ ಮನುಷ್ಯ. ಈ ವಸಂತದಲ್ಲಿ ಸುತ್ತಲಿನ ತಾಲೂಕುಗಳ ಪರಿಚಯದವರನ್ನೆಲ್ಲ ಕಟ್ಟಿಕೊಂಡು ವಿಯೆಟ್ನಾಮಿನ ಹನೋಯಿ ನಗರಕ್ಕೆ ಹೋಗಿ ಬಂದಿದ್ದರು. ಆದರೆ ಯಾತ್ರೆಯಿಂದ ಬರುವುದಕ್ಕೆ ಅವರಿಗೆ ಗೊತ್ತಿರುವ ಕ್ರಮ ಒಂದೇ, ಕಾಶಿಯದು. ಬಂದವರು ಮಂದಿಯನ್ನು ಕರೆದು ಹೋಳಿಗೆ ಊಟ ಹಾಕಿಸಬೇಕು. ಎಲ್ಲರೂ ಸಾಲಾಗಿ ಕುಳಿತು ಕಂಡದ್ದನ್ನು ಹೇಳಬೇಕು. ವಿಮಾನದಲ್ಲಿ ಹೋಗಿ ಬಂದರೂ ಅಷ್ಟೇ.

ಇನ್ನೊಂದು ಕ್ರಮವೂ ಇತ್ತು. ಕಾಶಿಗೆ ಹೋದವರು ತಮಗೆ ಪ್ರೀತಿಯಾದ ಏನನ್ನಾದರೂ ಅಲ್ಲೇ ಬಿಟ್ಟು ಬರುತ್ತಾರಲ್ಲ, ಮತ್ತೆ ಅದನ್ನು ಮುಟ್ಟುವುದಿಲ್ಲವಲ್ಲ, ಹಾಗೆ. ಹನೋಯಿಯ ಕೊನೆಯ ಸಂಜೆ ಕೆರೆಯ ದಂಡೆಯಲ್ಲಿ ಎಲ್ಲರನ್ನೂ ನಿಲ್ಲಿಸಿ, "ಇಷ್ಟು ದೂರ ಬಂದೀವಿ, ಏನಾರ ಒಂದು ಬಿಟ್ಟ್ ಹೋಗ್ರೆಪಾ," ಎಂದಿದ್ದರು. ಕೆಲವರು ನಕ್ಕರು, ಕೆಲವರು ಕಣ್ಣು ಮುಚ್ಚಿದರು. ಕ್ರಾಂತಿ ಮಾತ್ರ ದೂರ ನಿಂತಿದ್ದಳು. ಕೂಡ್ಲಿಗಿಯ ಅವಳ ಮನೆಯವರು ಬೌದ್ಧರು. ಹರಕೆ, ಮುಡಿಪು ಎಲ್ಲ ಅಜ್ಜನ ಕಾಲಕ್ಕೇ ಮುಗಿದಿದ್ದವು.

ಆಗ ಹಂಪೇಶ್ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತದ್ದನ್ನು ಅವಳು ನೋಡಿದ್ದಳು.

ಹೆಂಗಸರ ಸಾಲಿನಲ್ಲಿ ಕುಳಿತಳೋ ಇಲ್ಲವೋ, ಎದುರಿನಿಂದ ಯಾರೋ ತನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ ಅನ್ನಿಸಿತು. ಹಸಿರು ಇಳಕಲ್ ಸೀರೆಯ ಹೆಂಗಸು. ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ.

"ಯಾರ್ರೀ ಅವರು?" ಪಕ್ಕದಲ್ಲಿದ್ದ ಹರಪನಹಳ್ಳಿಯ ಪುಷ್ಪಲತಾಳನ್ನು ಕೇಳಿದಳು.

"ಗೊತ್ತಿಲ್ಲೇನು? ಹಂಪೇಶನ ತಾಯಿ, ಅನ್ನದಾನಮ್ಮ. ನಮ್ಮ ಜೊತಿ ಬಂದಿರಲಿಲ್ಲಲ್ಲ. ಇವತ್ತು ಮಗನ ಜೊತಿ ಬಂದಾರ."

ಓಹೋ, ಅದಕ್ಕೇ ಮೇಡಂ! ತಾಯಿಯ ಎದುರಿಗೆ ಪರಿಚಯ ಕೂಡ ಇಲ್ಲದವರ ಹಾಗೆ ಇರಬೇಕಲ್ಲ. ಕ್ರಾಂತಿಯ ಕಿವಿ ಬಿಸಿಯಾಯಿತು.

ಎಷ್ಟು ಬೇಡವೆಂದರೂ ಹನೋಯಿಯ ಆ ಬೆಳಗ್ಗೆ ನೆನಪಾಯಿತು. ತುಂತುರು ಮಂಜು. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಹೆಂಗಸರು ಚಕ್ಕೋತದ ಹೂ ಮಾರುತ್ತಿದ್ದರು. ದಪ್ಪ ಬಿಳಿ ಮೊಗ್ಗು, ಬೀದಿಗೆಲ್ಲ ಘಮ. ಹಂಪೇಶ್ ಒಂದು ಹಿಡಿ ಹೂ ಕೊಂಡು ಮೂಗಿಗೆ ಹಿಡಿದು, "ನಮ್ಮ ಹಡಗಲಿ ಮಲ್ಲಿಗಿಗೆ ಇಲ್ಲೊಬ್ಬಾಕಿ ತಂಗಿ ಅದಾಳ ನೋಡು," ಎಂದು ಅವಳ ಬೊಗಸೆಗೆ ಸುರಿದಿದ್ದ. ಆಮೇಲೆ ಫುಟ್‌ಪಾತಿನ ಗಿಡ್ಡ ಸ್ಟೂಲಿನ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಅವಳ ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಅವಳ ಡಬ್ಬಿಯಿಂದಲೇ ಉಂಡಿದ್ದ. ಉಂಡು, ಬೆರಳು ನೆಕ್ಕಿ, ತಲೆ ಎತ್ತದೆ ಹೇಳಿದ್ದ.

"ನಿನ್ನ ಮದಿವಿ ಆಗಬೇಕಂತ ಅದೀನಿ. ಊರಿಗೆ ಹೋದ ಕೂಡ್ಲೆ ಮನ್ಯಾಗ ಹೇಳ್ತೀನಿ."

ಅವಳು ಹೂಂ ಅಂದಿದ್ದಳು. ತಡವರಿಸಲೂ ಇಲ್ಲ. ಈಗ ನೆನೆದರೆ ಆ ಹೂಂ ಅಂದ ಬಾಯಿಯ ಮೇಲೇ ಸಿಟ್ಟು ಬರುತ್ತಿತ್ತು.

ಅನುಭವ ಹೇಳುವುದು ಶುರುವಾಯಿತು. ಪುಷ್ಪಲತಾ, "ಮೊಟ್ಟಿ ಹಾಕಿ ಕಾಫಿ ಕುಡಿತಾರ್ರೀ ಅಲ್ಲಿ, ನಾನು ವಾಸನಿ ಅಷ್ಟ ನೋಡ್ದೆ," ಎಂದು ನಗಿಸಿದಳು. ಸಂಜೆಯ ಸೀರಿಯಲ್ಲು ಬಿಟ್ಟು ಬಂದೆ ಎಂದಳು. ತಂಬ್ರಹಳ್ಳಿಯ ಗಂಗಾಧರ ಮನೆಗಳ ನಡುವೆಯೇ ಹಾದು ಹೋಗುವ ರೈಲಿನ ಕಥೆ ಹೇಳಿದ. ಗುಟ್ಕಾ ಬಿಟ್ಟು ಬಂದೆ ಎಂದ. "ಆ ಕಿಸೆದಾಗ ಏನೈತಿ, ತೋರ್ಸು," ಎಂದು ಹೆಂಡತಿ ಅಲ್ಲಿಂದಲೇ ಕೂಗಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಹಂಪೇಶನ ಸರದಿ ಬಂತು.

ಅವನು ಎದ್ದು ನಿಂತ. ಹೂವಿನ ಬೀದಿಯ ಬಗ್ಗೆ ಎರಡು ಮಾತು ಹೇಳಿದ. ರೊಟ್ಟಿಯಿಲ್ಲ, ಸ್ಟೂಲಿಲ್ಲ, ಪಕ್ಕದಲ್ಲಿ ಕುಳಿತವಳಂತೂ ಇಲ್ಲವೇ ಇಲ್ಲ.

"ಏನ್ ಬಿಟ್ಟ್ ಬಂದಿ, ಅದನ್ನ ಹೇಳಪಾ," ಎಂದರು ಶಿವಯೋಗಪ್ಪ.

ಹಂಪೇಶ್ ತಾಯಿಯನ್ನು ನೋಡಿದ, ಆಮೇಲೆ ನೆಲ ನೋಡಿದ. "ನನಗ ಬಾಳ ಪ್ರೀತಿದ್ದನ್ನ ಬಿಟ್ಟ್ ಬಂದೀನ್ರಿ. ಅದೇನಂತ ಕೇಳಬ್ಯಾಡ್ರಿ."

ಕೂತುಬಿಟ್ಟ.

ಕ್ರಾಂತಿಗೆ ಎದೆಯ ಮೇಲೆ ಯಾರೋ ಒದ್ದ ಹಾಗಾಯಿತು. 'ಹಂಗಾದ್ರ ನನ್ನ ಅಲ್ಲೇ ಬಿಟ್ಟ್ ಬಂದಾನ... ಎಲ್ಲಾರ ಮುಂದ, ನಮ್ಮವ್ವನ ರೊಟ್ಟಿ ಉಂಡ ಬಾಯಿಂದ ಹೇಳ್ತಾನ...' ಕಣ್ಣಲ್ಲಿ ನೀರು ಬಂತು. ಅದು ಕೆನ್ನೆಗೆ ಇಳಿಯುವ ಮೊದಲೇ ಸಿಟ್ಟು ಬಂದು ಒರೆಸಿತು.

"ಮೇಡಮ್ಮಾರ, ನೀವು ಹೇಳ್ರಿ," ಎಂದರು ಯಜಮಾನರು. ಹಗರಿಬೊಮ್ಮನಹಳ್ಳಿಯ ಬ್ಯಾಂಕಿನಲ್ಲಿ ಅವಳು ಆಫೀಸರು, ಅವರಿಗೆ ಅವಳ ಮೇಲೆ ಗೌರವ.

ಅವಳು ಎದ್ದಳು.

"ನಾನು ಅಲ್ಲಿ ನೋಡಿದ್ದು ಒಂದು ಫುಟ್‌ಪಾತು. ಅಲ್ಲಿ ಯಾರು ಯಾರ ಪಕ್ಕ ಕುಂತ್ರು, ಯಾರ ಡಬ್ಬಿದಾಗ ಯಾರು ಕೈ ಹಾಕಿದ್ರು ಅಂತ ಕೇಳೋರಿರಲಿಲ್ಲ. ನಮ್ಮ ಕಡಿಯವರೊಬ್ರು ನನ್ನ ಡಬ್ಬಿದಾಗ ಉಂಡ್ರು. ಮದಿವಿ ಆಗ್ತೀನಿ ಅಂತ ಮಾತೂ ಕೊಟ್ರು. ವಿಮಾನ ಇಳಿದ ಮ್ಯಾಲ ಅವರಿಗೆ ನಮ್ಮ ಕೇರಿ ಯಾವುದಂತ ನೆನಪಾಗಿರಬೇಕು. ಈಗ ನಾನು ಮೇಡಂ ಆಗೀನಿ. ಅಲ್ಲಿ ಬಿಟ್ಟ್ ಬರಾಕ ನಾನು ಯಾರ ಸಾಮಾನೂ ಅಲ್ರಿ. ನಮಸ್ಕಾರ."

ಅವಳು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಳು.

"ಏ ಹುಡುಗಿ, ನಿಂದ್ರು."

ಹಿಂದೆಯೇ ಬಂದದ್ದು ಹಂಪೇಶನಲ್ಲ, ಅನ್ನದಾನಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೇ ಬಂದಂತಿದ್ದರು.

"ನನ್ನ ಮಗಗ ಏನ್ ಮಾಡಿದಿ ನೀನು? ಆ ಊರಿಂದ ಬಂದಾಗಿಂದ ನನ್ನ ಕೈ ರೊಟ್ಟಿ ಮುಟ್ಟಿಲ್ಲ. ಖಾನಾವಳ್ಯಾಗ ಉಂಡು ಒಣಗಿದ ಕಟಿಗಿ ಆಗ್ಯಾನ."

"ನಾನೇನ್ ಮಾಡ್ಲಿರಿ? ನಿಮ್ಮ ಮಗ ನನ್ನ ಜೊತಿ ಮಾತೇ ಆಡಿಲ್ಲ."

"ಸುಳ್ಳು ಹೇಳಬ್ಯಾಡ. ಏನ್ ಬಿಟ್ಟ್ ಬಂದಿಯೋ ಅಂದ್ರ 'ನಿನ್ನ ಕೈ ರೊಟ್ಟಿ ಬಿಟ್ಟ್ ಬಂದೀನವ್ವಾ' ಅಂತಾನ. 'ಕೂಡ್ಲಿಗಿ ಮಾಲಮ್ಮನ ಮನ್ಯಾಗ ನೀನು ಕುಂತು ಉಣ್ಣೋ ತನಕ ಮುಟ್ಟೋದಿಲ್ಲ' ಅಂತಾನ. ಇದು ನೀನು ಹೇಳಿಕೊಟ್ಟಿದ್ದು ಅಲ್ಲೇನು?"

ಮಾಲಾ ಕ್ರಾಂತಿಯ ತಾಯಿ.

ಅವನು ಬಿಟ್ಟು ಬಂದದ್ದು ತನ್ನನ್ನಲ್ಲ... ರೊಟ್ಟಿಯನ್ನು! ಕೆರೆಯ ದಂಡೆಯಲ್ಲಿ ಕಣ್ಣು ಮುಚ್ಚಿ ನಿಂತದ್ದು ಇದಕ್ಕೆ. ಆ ಒಳಗೆ ಹೋದ ಕೆನ್ನೆ... ಎದೆಯೊಳಗೆ ಏನೋ ಸಡಿಲವಾಯಿತು. ಆದರೆ ಒಂದೇ ಗಳಿಗೆ. ಮರುಗಳಿಗೆಗೆ ಮೊದಲಿಗಿಂತ ದೊಡ್ಡ ಸಿಟ್ಟು ಬಂತು.

"ನನಗ ಇದ್ಯಾವುದೂ ಗೊತ್ತಿಲ್ಲರಿ. ನಮ್ಮವ್ವಗೂ ಗೊತ್ತಿಲ್ಲ. ನಮ್ಮನಿ ಊಟ ಏನು ಕಷಾಯ ಅಂತ ತಿಳಕೊಂಡೀರೇನು, ಮೂಗು ಮುಚ್ಚಿ ನುಂಗಿ ಮಗನ್ನ ಉಳಿಸ್ಕೊಳ್ಳಾಕ?"

ಅನ್ನದಾನಮ್ಮ ಹುಬ್ಬು ಗಂಟಿಕ್ಕಿದರು. "ನಿನಗೂ ಹೇಳಿಲ್ಲೇನು?"

"ಇಲ್ಲ."

"ಸುಳ್ಳು ಯಾಕ ಹೇಳ್ಲಿ, ಮೊದಲು ನಾನು ಸಾಯೋ ತನಕ ಬರೋದಿಲ್ಲ ಅಂದಿದ್ದೆ. ಅವರ ಮನ್ಯಾಗ ನಾವು ಯಾವ ಕಾಲಕ್ಕ ಉಂಡೀವಿ ಅಂತ ಜಗಳಾನೂ ಮಾಡ್ದೆ. ಇವನು ಸೋಲಲಿಲ್ಲ. ಮೊನ್ನಿ ಸಾಕಾಗಿ ಆತಪ್ಪಾ ಬರ್ತೀನಿ ಅಂದೆ. ಅವರು ಕರದಾರೇನು ಅಂತ ಕೇಳಿದ್ರ ಸುಮ್ಮನ ನಿಂತ. ಕರೀದ ಮನಿಗೆ ಉಣ್ಣಾಕ ಹೆಂಗ ಹೋಗ್ಲಿ ನಾನು?"

ಅಷ್ಟರಲ್ಲಿ ಹಂಪೇಶ್ ಹೊರಗೆ ಬಂದ. ಅವನ ಹಿಂದೆ ಬಾಗಿಲ ತುಂಬ ಜನ, ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ಬಂದವರೂ ಇದ್ದರು. ಇಬ್ಬರು ಹೆಂಗಸರೂ ಒಟ್ಟಿಗೆ ಅವನ ಕಡೆ ತಿರುಗಿದರು. ಪಾಪ ಅನ್ನಬೇಕೆಂದರೂ ಅನ್ನಲಾಗದು, ಅವನೇ ಮಾಡಿಕೊಂಡದ್ದು.

"ಫೋನ್ ಯಾಕ ಎತ್ತಲಿಲ್ಲ?" ಕ್ರಾಂತಿ ಕೇಳಿದಳು.

"ಅವ್ವ ಹೂಂ ಅನ್ನೋ ತನಕ ಯಾವ ಮುಖ ಇಟ್ಕೊಂಡು ಮಾತಾಡ್ಲಿ ಅಂತ..."

"ಮೇಡಂ ಅಂದಿ."

"ಅವ್ವ ಇದ್ಲು, ಮಂದಿ ಇದ್ರು... ಬಾಯಿಗೆ ಅದೇ ಬಂತು."

"ನೀನು ಬಿಟ್ಟಿದ್ದು ರೊಟ್ಟಿ. ಅದನ್ನ ಬಡಿಯೋರು ನಿಮ್ಮವ್ವ. ಉಣ್ಣಾಕ ಕರೀಬೇಕಾದಾಕಿ ನಮ್ಮವ್ವ. ನೀನೇನ್ ಮಾಡಿದಿ ಹಂಪೇಶ್? ಇಬ್ರು ಹೆಂಗಸರ ಒಲಿ ನಡುವ ಮುನಿಸ್ಕೊಂಡು ಕುಂತಿ. ನನ್ನ ಜೀವನದ ಮಾತು ಅದು. ನನ್ನ ಒಂದು ಮಾತು ಕೇಳಿದೇನು?"

ಅವಳ ದನಿ ಒಡೆಯಿತು. ಒಡೆದರೂ ನಿಲ್ಲಿಸಲಿಲ್ಲ.

"ಅಲ್ಲಿ ಭಾಷಿ ತಿಳೀದ ಮಂದಿ ನಡುವ ಹೇಳೋದು ಸಸಾರ. ಇಲ್ಲಿ ಹೇಳು. ಆಗದಿದ್ರ ಅದನ್ನಾರ ಹೇಳು, ನಾನು ಬಸ್ಸು ಹತ್ತತೀನಿ."

ಹಂಪೇಶ್ ಅವಳ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ ತಾಯಿಯ ಕಡೆ ತಿರುಗಿದ. ದನಿ ಈ ಸಲ ಬಾಗಿಲ ತನಕ ಕೇಳಿಸಿತು.

"ಅವ್ವಾ, ನಾನು ಕ್ರಾಂತಿನ್ನ ಮದಿವಿ ಆಗಾಂವ. ನೀನು ಅವರ ಮನ್ಯಾಗ ಉಂಡ್ರೂ ಆಗಾಂವ, ಉಣದಿದ್ರೂ ಆಗಾಂವ. ನಿನ್ನ ರೊಟ್ಟಿ ಬಿಟ್ಟಿದ್ದು ತಪ್ಪಾತು. ಎದುರಿಗೆ ನಿಂತು ಹೇಳಾಕ ಧೈರ್ಯ ಸಾಲದ ಬಿಟ್ಟೆ. ಇವತ್ತು ಮನಿಗೆ ಹೋಗಿ ಉಣ್ತೀನಿ."

ಅನ್ನದಾನಮ್ಮನ ಗದ್ದ ಅದುರಿತು. ಸೆರಗಿನಿಂದ ಮೂಗು ಒರೆಸಿಕೊಂಡು ಮಗನಿಗೊಂದು ಗುದ್ದು ಹಾಕಿದರು.

"ಅಂದ್ರ ನಾನು ಇಷ್ಟು ದಿನ ಅತ್ತಿದ್ದು ಸುಮ್ಮಸುಮ್ಮನ ಏನಲೇ?" ಆಮೇಲೆ ಕ್ರಾಂತಿಯ ಕಡೆ ಕೈ ಚಾಚಿದರು. "ನಿಮ್ಮವ್ವಗ ಫೋನ್ ಹಚ್ಚು."

ಕ್ರಾಂತಿ ಹಚ್ಚಿದಳು. ಸ್ಪೀಕರಿನಲ್ಲಿ ಮಾಲಾಳ ದನಿ ಬಂದಾಗ ಅನ್ನದಾನಮ್ಮ ಫೋನಿಗೆ ಬಾಯಿ ಹತ್ತಿರ ತಂದು ಮಾತಾಡಿದರು.

"ಮಾಲಮ್ಮಾರ, ನಾನು ಹಡಗಲಿ ಹಂಪೇಶನ ತಾಯಿ. ನಿಮ್ಮ ಮಗಳನ್ನ ಕೇಳಾಕ ಬರಬೇಕಂತ ಮಾಡೀನಿ. ಹಿಂದ ಬ್ಯಾಡ ಅಂದಾಕಿನೂ ನಾನೇ. ಅದನ್ನ ಮುಚ್ಚಿಟ್ಟು ಬರೋದಿಲ್ಲ. ಬರ್ಲೋ ಬ್ಯಾಡೋ, ನೀವು ಹೇಳ್ರಿ."

ಆ ಕಡೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ತನ್ನ ಅವ್ವ ಎಷ್ಟು ಮನೆಗಳ ಹೊರ ಕಟ್ಟೆಯ ಮೇಲೆ ಕೂತು ಉಂಡು ಬೆಳೆದವಳು ಅಂತ ಕ್ರಾಂತಿಗೆ ಗೊತ್ತಿತ್ತು.

"ನನ್ನ ಮಗಳು ಹೂಂ ಅಂದಾಳೇನ್ರಿ?" ಕೊನೆಗೆ ಮಾಲಾ ಕೇಳಿದಳು.

"ಇಲ್ಲೇ ಅದಾಳ. ನನ್ನ ಮಗನ್ನ ಬೈಯಾಕ ಹತ್ಯಾಳ."

"ಹಂಗಾದ್ರ ಹೂಂ ಅಂದಂಗ. ಬರ್ರಿ. ಆದ್ರ ಹಸ್ಕೊಂಡು ಬರ್ರಿ. ಶಾಸ್ತ್ರಕ್ಕ ಒಂದು ತುತ್ತು ಉಂಡು ಕೈ ತೊಳಿಯೋರು ನಮ್ಮನಿಗೆ ಬ್ಯಾಡ."



"ಹಸ್ಕೊಂಡೇ ಬರ್ತೀನ್ರಿ," ಎಂದರು ಅನ್ನದಾನಮ್ಮ ಮೆಲ್ಲಗೆ.

ಶಿವಯೋಗಪ್ಪ ಗದರಿ ಜನರನ್ನೆಲ್ಲ ಒಳಗೆ ಕಳಿಸಿದರು. ಅನ್ನದಾನಮ್ಮನೂ ಹೋದರು. ಅಂಗಳದಲ್ಲಿ ಉಳಿದದ್ದು ಇಬ್ಬರೇ. ಕ್ರಾಂತಿ ಅವನ ಕಡೆ ನೋಡದೆ ಗೋಡೆ ನೋಡುತ್ತಿದ್ದಳು. ಇಷ್ಟು ಹೊತ್ತು ತಡೆದಿದ್ದ ಕಣ್ಣೀರು ಈಗ ಅವಳ ಮಾತು ಕೇಳಲಿಲ್ಲ.

ಹಂಪೇಶ್ ಹತ್ತಿರ ಬಂದು ನಿಂತ.

"ಸಿಟ್ಟು ಇಳೀತೇನು?"

"ಇಲ್ಲ."

"ಯಾವಾಗ ಇಳೀತೈತಿ?"

"ಗೊತ್ತಿಲ್ಲ. ಮದಿವಿ ಆದ ಮ್ಯಾಲೂ ಇರ್ತೈತಿ, ನೋಡ್ಕೊ."

"ಇರ್ಲಿ. ಬೈ, ಜಗಳ ಮಾಡು. ಬಸ್ಸು ಹತ್ತತೀನಿ ಅಂತ ಮಾತ್ರ ಅನಬ್ಯಾಡ... ಅದನ್ನ ಕೇಳಿದಾಗ ನನಗ ಜೀವ ಹೋದಂಗಾತು."

ಅವಳು ಮೊದಲ ಸಲ ತಿರುಗಿ ಅವನನ್ನು ನೋಡಿದಳು. ಆ ಕಣ್ಣುಗಳೂ ಒದ್ದೆಯಾಗಿದ್ದವು.

"ನೀನು ಸುಮ್ಮನಿದ್ದಾಗ ನನಗ ದಿನಾ ಹಂಗ ಆಗತಿತ್ತು," ಎಂದಳು.

"ಇನ್ನ ಸುಮ್ಮನಿರೋದಿಲ್ಲ."

"ನೋಡೋಣು," ಎಂದಳು ಕ್ರಾಂತಿ, ಸಿಟ್ಟಿನ ದನಿಯಲ್ಲೇ. ಆದರೆ ಅವನ ಕೈ ಹಿಡಿದವಳು ಒಳಗೆ ಹೋಗುವ ತನಕ ಬಿಡಲಿಲ್ಲ.