ಯೊಕೊ ಪೊಟ್ಟಣದ ಎರಡು ಬೆಸುಗೆ

ನಾನು ಮಾರಿದ ವ್ಯಾಕ್ಯೂಮ್ ಸೀಲರಿನ ಗುಂಡಿ ಒತ್ತಿದರೆ ಚಿಲೊಯೆ ದ್ವೀಪದ ಕಡಲು ನಾಲ್ಕು ಮಾರು ಹಿಂದೆ ಸರಿಯುತ್ತಿತ್ತು. ಹೆಂಗಸರು ಬುಟ್ಟಿ ಹಿಡಿದು ಹೋಗಿ ಒಣಗಿದ ತಳದಲ್ಲಿ ಚಿಪ್ಪುಮೀನು ಆರಿಸಿ ತರುತ್ತಿದ್ದರು. ಅಂಗಡಿ ನೊಲ್ಬೆರ್ತೊ ಅಂದರೆ ಸುಮ್ಮನೆಯೇ? ಬರ್ರಿಯಾ ಕೊಲೆ ಬಯಲಾದದ್ದೂ ನನ್ನಿಂದಲೇ.

ಜುಲೈ ಹನ್ನೆರಡರ ಬೆಳಿಗ್ಗೆ ಇರ್ಮಾ ಬರ್ರಿಯಾ ಠಾಣೆಗೆ ಬಂದಳು. ತಂದೆ ಸೆಫೆರಿನೊ ಊಟದ ನಡುವೆ ನೊರೆ ಕಾರಿ ಸತ್ತರೆಂದು ದೂರಿತ್ತಳು. ಇನ್ಸ್‌ಪೆಕ್ಟರ್ ಹಸಿಂತಾ ಮಿಯಾಲೊಂಕೊ ಎಫ್‌ಐಆರ್ ದಾಖಲಿಸಿದರು.

"ಏನು ತಿಂದ್ರು?"

"ಯೊಕೊ ಬಂದಿತ್ತು ಮೇಡಂ. ಹುರಿದ ಹಂದಿಮಾಂಸ."

"ಯಾರ ಮನೇದು?"

"ಈ ವಾರ ನಾಲ್ಕು ಮನೆಯಿಂದ ಬಂತು. ಯಾವುದು ಅಂತ ಹೇಳ್ಲಿ?"

"ಅನುಮಾನ ಬರ್ಲಿಲ್ವಾ?"

"ಯೊಕೊ ಮೇಲೆ ಅನುಮಾನಾನಾ? ಏನು ಮಾತೂಂತ ಆಡ್ತೀರಿ!"

ಹಂದಿ ಕಡಿದವರು ನೆರೆಮನೆಗಳಿಗೆಲ್ಲ ಯೊಕೊ ಹಂಚಬೇಕು. ಪಡೆದವರು ತಮ್ಮ ಹಂದಿ ಕಡಿದ ದಿನ ಅಷ್ಟನ್ನೇ ಮರಳಿಸಬೇಕು. ಹಿಂದೆ ಬಿಸಿ ತಟ್ಟೆಯಲ್ಲಿ, ಈಗ ಗಾಳಿ ಹೀರಿ ಮುಚ್ಚಿದ ಪೊಟ್ಟಣದಲ್ಲಿ. ಅದನ್ನು ಮೂಸಿ ನೋಡಿದರೂ ಕೊಟ್ಟವರಿಗೆ ಉಗಿದಂತೆ.

ಮಾಂಸದಲ್ಲಿ ಇಲಿಪಾಷಾಣ ಸಿಕ್ಕಿತು. ಇನ್ಸ್‌ಪೆಕ್ಟರ್ ನಾಲ್ಕೂ ಮನೆಯ ಸೀಲರ್ ಯಂತ್ರಗಳನ್ನು ಠಾಣೆಗೆ ತರಿಸಿ, ಒಂದೇ ಅಳತೆಯ ಚೀಲದಲ್ಲಿ ಒಂದೇ ತೂಕದ ಮಾಂಸ ತುಂಬಿಸಿ ಮುಚ್ಚಿಸಿದರು. ಒಂದು ಯಂತ್ರ ಕೊಬ್ಬನ್ನೂ ಹೀರಿ ಬೆಸುಗೆ ಹೊಲಸು ಮಾಡಿತು. ಒಂದರ ಚೀಲಕ್ಕೆ ಸಂಜೆಯೊಳಗೆ ಗಾಳಿ ಮರಳಿತು. ಇನ್ನೊಂದು ಜೋಡಿಗೆರೆ ಹಾಕಿತು. ನಾಲ್ಕನೆಯದು, ನೆರೆಮನೆಯ ಎದೆಲ್ಮಿರಾ ಒಯಾರ್ಸೊಳದ್ದು, ಕೂದಲೆಳೆಯಂಥ ಒಂಟಿಗೆರೆ. ಸತ್ತವನ ಚೀಲದ ಅಡಿಯಲ್ಲೂ ಅದೇ. ನಾನು ಕಣ್ಣುಮುಚ್ಚಿ, ಬೆರಳಾಡಿಸಿಯೇ ಹೇಳಿಬಿಟ್ಟೆ!

ಎದೆಲ್ಮಿರಾಳನ್ನು ಲಾಕಪ್ಪಿಗೆ ಹಾಕಿದರು. ಊರವರು ಅವಳು ಕೊಟ್ಟ ಯೊಕೊಗಳನ್ನು ಫ್ರೀಜರಿನಿಂದ ತೆಗೆದು ಅವಳ ಬಾಗಿಲಿಗೆ ಎಸೆದರು. ಕಲ್ಲಾಗಿದ್ದ ಪೊಟ್ಟಣ ತಗುಲಿ ಅವಳ ಕುರುಡು ತಾಯಿಯ ದವಡೆ ಮುರಿಯಿತು.

"ಒಪ್ಕೋ ಎದೆಲ್ಮಿರಾ."

"ಪೊಟ್ಟಣ ನಂದೇ. ಪಾಷಾಣ ನಂದಲ್ಲ. ಅಡಿ ನೋಡಿದ್ರಿ, ಬಾಯಿ ನೋಡಿದ್ರಾ?"

ಮಾತು ನಿಜವಾಗಿತ್ತು. ಚೀಲವನ್ನು ಪ್ಲಾಸ್ಟಿಕ್ ಸುರುಳಿಯಿಂದ ಕತ್ತರಿಸಿ ಮೊದಲು ಅಡಿ ಬೆಸೆಯುತ್ತಾರೆ, ತುಂಬಿದ ಮೇಲೆ ಬಾಯಿ. ಬಾಯಿಯ ಪಟ್ಟಿಯನ್ನು ತಿನ್ನುವವನೇ ಕತ್ತರಿಸಿ ಬಿಸಾಡಿದ್ದ. ಕಾನ್‌ಸ್ಟೇಬಲ್ ಚಿಗ್ವಾಯ್ ಬರ್ರಿಯಾ ಮನೆಯ ಸೌದೆಪೆಟ್ಟಿಗೆಯಿಂದ ಅದನ್ನು ಹುಡುಕಿ ತೆಗೆದ, ಪಂಚನಾಮೆಯಾಯಿತು. ಪಟ್ಟಿಯ ಮೇಲೆ ದಪ್ಪ ಗೆರೆ, ನಡುವೆ ಸುಟ್ಟ ಕಲೆ. ನಾಲ್ಕು ಯಂತ್ರಗಳಲ್ಲಿ ಒಂದೂ ಅಂಥದ್ದು ಹಾಕಿರಲಿಲ್ಲ. ಅಂದರೆ ಯಾರೋ ಪೊಟ್ಟಣ ಬಿಚ್ಚಿ, ವಿಷ ಬೆರೆಸಿ, ಬೇರೆ ಯಂತ್ರದಲ್ಲಿ ಮುಚ್ಚಿದ್ದರು.

ಇನ್ಸ್‌ಪೆಕ್ಟರ್ ಇರ್ಮಾಳ ಅಡುಗೆಮನೆಗೆ ಹೋದರು.

"ನಿಮ್ಮ ಯಂತ್ರ?"

"ಅದು ಕೆಟ್ಟಿದೆ ಮೇಡಂ."

"ಪ್ಲಗ್ ಹಾಕು, ಚಿಗ್ವಾಯ್."

ದಪ್ಪ ಗೆರೆ ಬಿತ್ತು. ನಡುವೆ ಸುಟ್ಟ ಕಲೆ.

ಇರ್ಮಾ ತಾನಾಗಿ ಕೈ ಚಾಚಿದಳು. ಬೇಡಿ ಬಿದ್ದ ಮೇಲೆ ಹೇಳಿದಳು:

"ಹಂದಿ ಸಾಕಿದ್ದು ನಾನು, ಕರುಳು ತೊಳೆದಿದ್ದು ನಾನು. ಪ್ರತಿ ವರ್ಷ ಒಳ್ಳೆ ಮಾಂಸ ಎಲ್ಲಾ ಊರಿಗೆ ಹೋಗೋದು, ಅಪ್ಪನ ಹೆಸರಲ್ಲಿ. 'ನಂಗೂ ಒಂದು ತಟ್ಟೆ ಕೊಡು' ಅಂದೆ. 'ಯೊಕೊ ಮನುಷ್ಯರಿಗೆ' ಅಂತ ಹಂದಿ ಕಿವಿಯ ಚರ್ಮ ಎಸೆದ. ನಾಯಿ ನನಗಿಂತ ಮೊದಲು ಕಚ್ಕೊಂಡು ಹೋಯ್ತು."

ಅವಳು ಅಳಲಿಲ್ಲ. ನಾಯಿಗೆ ಅನ್ನ ಹಾಕಲು ಚಿಗ್ವಾಯ್‌ಗೆ ಹೇಳಿ ಜೀಪು ಹತ್ತಿದಳು.

ಈ ಕತೆಯನ್ನು ಅಂಗಡಿಯಲ್ಲಿ ಗಿರಾಕಿಗಳಿಗೆ ನೂರು ಸಲ ಹೇಳಿದ್ದೇನೆ. ಮೊನ್ನೆ ಹೇಳುತ್ತಿದ್ದಾಗ ಉಪ್ಪು ಕೊಳ್ಳಲು ಎದೆಲ್ಮಿರಾ ಬಂದಳು. ಬಿಡುಗಡೆಯಾಗಿ ಬಂದರೂ ಅವಳಿಗೆ ಯಾರೂ ಈಗಲೂ ಯೊಕೊ ಕೊಡುವುದಿಲ್ಲ.

"ಚೆನ್ನಾಗಿದೆ ಕಣೋ ನೊಲ್ಬೆರ್ತೊ. ಪಾಷಾಣ ಯಾವ ಅಂಗಡೀದು ಅನ್ನೋದೂ ಹೇಳು."

ಗಿರಾಕಿಗಳು ನನ್ನತ್ತ ತಿರುಗಿದರು.

ಸರಿ. ಬೆಸುಗೆ ಗುರುತಿಸಿದ್ದು ಚಿಗ್ವಾಯ್. ನನ್ನನ್ನು ಠಾಣೆಯ ಒಳಗೂ ಬಿಡಲಿಲ್ಲ. ಲೈಸೆನ್ಸಿಲ್ಲದೆ ಪಾಷಾಣವನ್ನು ಇರ್ಮಾಗೆ ಮಾರಿದ್ದು ನಾನು. ಎದೆಲ್ಮಿರಾ ಒಳಗಿದ್ದಷ್ಟು ದಿನವೂ ನನಗದು ಗೊತ್ತಿತ್ತು. ಬಾಯಿ ಬಿಟ್ಟರೆ ಅಂಗಡಿಗೆ ಬೀಗ. ಊರು ನನ್ನತ್ತ ನೋಡಬಾರದಲ್ಲ, ಅದಕ್ಕೇ ಅವಳ ಬಾಗಿಲಿಗೆ ಮೊದಲ ಪೊಟ್ಟಣ ಎಸೆದದ್ದೂ ನಾನೇ. ಆಗ ಅವಳ ತಾಯಿ, ಯಾರೋ ಯೊಕೊ ತಂದರೆಂದು, ಕೈಚಾಚಿ ಬಾಗಿಲು ತೆರೆಯುತ್ತಿದ್ದಳು.