ಅರಳಿಕಟ್ಟೆಯ ಎಡಕ್ಕೆ

ಹಳೇ ಕಲ್ಲು ಕ್ವಾರಿಯ ಮೊದಲ ಮೆಟ್ಟಿಲಿನ ಮೇಲೆ ಕಾರು ಮೂತಿ ಊರಿಕೊಂಡು ನಿಂತಿತ್ತು. ಇನ್ನೆರಡು ಮಾರು ಮುಂದೆ ಹೋಗಿದ್ದರೆ ಮೂವತ್ತಡಿ ಆಳ, ತಳದಲ್ಲಿ ಹಸಿರು ನೀರು. ಮೊದಲು ನೋಡಿದವಳು ಎಮ್ಮೆ ಮೇಯಿಸುತ್ತಿದ್ದ ಭಾಗಮ್ಮ. ಅವಳು ಕೂಗಿ ಜನ ಸೇರಿಸಿದಳು, ಜನ ಸೇರಿ ಮೂವರನ್ನು ಹೊರಗೆಳೆದರು. ಗಂಡನಿಗೆ ಪಕ್ಕೆಲುಬು ಮುರಿದಿತ್ತು. ಹೆಂಡತಿಗೆ ತರಚು ಗಾಯ. ಎಂಟು ವರ್ಷದ ಮಗಳ ಬಲಗೈ ಮೊಣಕೈ ಹತ್ತಿರ ಬೇರೆ ದಿಕ್ಕಿಗೆ ತಿರುಗಿತ್ತು.

ಎಎಸ್‌ಐ ಮಲ್ಲಿಕಾಂಬ ಅಜ್ಜಂಪುರದಿಂದ ಬಂದಾಗ ಗಂಟೆ ಹನ್ನೊಂದೂವರೆ. ಮೇ ತಿಂಗಳ ಬಿಸಿಲು ಬಂಡೆಯನ್ನು ಕಾಯಿಸುತ್ತಿತ್ತು. ಠಾಣೆಯ ಎಸ್‌ಐ ಸಾಹೇಬರು ಹೆಂಡತಿ ಮಕ್ಕಳ ಜೊತೆ ಮಡಿಕೇರಿಗೆ ಹೋಗಿದ್ದರು. ಬೇಸಿಗೆ ರಜೆ ಅವರಿಗೆ ಪ್ರತಿ ವರ್ಷ ಸಿಗುತ್ತಿತ್ತು. ಮಲ್ಲಿಕಾಂಬಳಿಗೆ ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಬೆಳಿಗ್ಗೆ ತಾನೇ ಅವಳ ವಾರಗಿತ್ತಿ ಯಾವುದೋ ಜಲಪಾತದ ಮುಂದೆ ನಿಂತ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದ್ದಳು. ಅದನ್ನು ನೋಡಿದಾಗಿನಿಂದ ಮಲ್ಲಿಕಾಂಬಳ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತಿತ್ತು.

ಕಾರಿನೊಳಗೆ ಒಂದು ಬಟ್ಟೆ ಚೀಲ ಬಿದ್ದಿತ್ತು. ಅದರಲ್ಲಿ ಕೋಡುಬಳೆ, ನೀರಿನ ಬಾಟ್ಲಿ, ‘ಮಾಯಾ ಬೇಸಿಗೆ ದಾರಿ’ ಎಂದು ಅಚ್ಚು ಹಾಕಿಸಿದ ನಕ್ಷೆ. ನಕ್ಷೆಗೆ ಪಿನ್ನು ಹೊಡೆದ ಹಳದಿ ಚೀಟಿಯಲ್ಲಿ ಪೆನ್ನಿನಲ್ಲಿ ಬರೆದಿತ್ತು: ‘ಇಂದಿನ ಬದಲಾವಣೆ. ಮುಂದೆ ರಸ್ತೆ ಅಗೆದಿದ್ದಾರೆ. ಅರಳಿಕಟ್ಟೆ ದಾಟಿದ ಕೂಡಲೇ ಎಡಕ್ಕೆ ಮಣ್ಣುದಾರಿ ಹಿಡಿಯಿರಿ. ಕೆರೆ ಏರಿ ಸಿಗುತ್ತದೆ.’

ಮಲ್ಲಿಕಾಂಬ ಜೀಪು ಕಳಿಸಿ ಮುಂದಿನ ರಸ್ತೆ ನೋಡಿಸಿದಳು. ಯಾರೂ ಎಲ್ಲೂ ಒಂದು ಗುದ್ದಲಿ ಕೂಡ ಹಾಕಿರಲಿಲ್ಲ.

*

ಮಾಯಾ ಯಾರೆಂದು ಆ ಮೂರು ತಾಲ್ಲೂಕಿನಲ್ಲಿ ಕೇಳಬೇಕಾಗಿರಲಿಲ್ಲ. ಕಡೂರಿನವಳು. ರಜೆಯಲ್ಲಿ ಸ್ವಂತ ಕಾರಿನಲ್ಲಿ ಸುತ್ತಲು ಬರುವವರಿಗೆ ಒಂದು ದಿನದ ದಾರಿ ಹಾಕಿಕೊಡುತ್ತಿದ್ದಳು. ಬೆಳಿಗ್ಗೆ ಕಡೂರು ಬಿಟ್ಟು, ಹೆದ್ದಾರಿ ಬಿಟ್ಟು, ಹೊಂಗೆಮರದ ನೆರಳಿನ ಹಳ್ಳಿ ರಸ್ತೆಗಳಲ್ಲಿ ಅಜ್ಜಂಪುರ. ಅಲ್ಲಿಂದ ಅಮೃತಾಪುರದ ಗುಡಿ, ಹುಣಸೆ ತೋಪಿನಲ್ಲಿ ಬಾಳೆಎಲೆ ಊಟ. ಆಮೇಲೆ ತರೀಕೆರೆ ದಾಟಿ ಕಲ್ಲತ್ತಿಗಿರಿಯ ನೀರು. ಅವಳ ವಿಡಿಯೋಗಳನ್ನು ಲಕ್ಷ ಜನ ನೋಡುತ್ತಿದ್ದರು. ಮಲ್ಲಿಕಾಂಬಳೂ ನೋಡಿದ್ದಳು. ತಾನು ದಿನಾ ಓಡಾಡುವ ರಸ್ತೆಯನ್ನು ಇವಳು ಅಷ್ಟು ಚೆಂದ ತೋರಿಸುತ್ತಾಳಲ್ಲ ಎಂದು ಮುಖ ಸಿಂಡರಿಸಿಕೊಂಡೇ ನೋಡಿದ್ದಳು.

ಮಾಯಾ ಠಾಣೆಗೆ ತಾನಾಗಿಯೇ ಬಂದಳು. ಕಣ್ಣು ಊದಿಕೊಂಡಿತ್ತು. ಆದರೂ ಸೀರೆಯ ನೆರಿಗೆ ನೆಟ್ಟಗಿತ್ತು. ಅದನ್ನು ಕಂಡು ಮಲ್ಲಿಕಾಂಬಳಿಗೆ ಇನ್ನಷ್ಟು ರೇಗಿತು.

ಚೀಟಿ ತಾನು ಬರೆದಿದ್ದಲ್ಲ ಎಂದಳು ಮಾಯಾ. ರಸ್ತೆ ಕೆಟ್ಟಾಗ ಹಾಗೆ ಚೀಟಿ ಬರೆಯುವುದುಂಟು, ಇವತ್ತು ಬರೆದಿಲ್ಲ. ಅಕ್ಷರ ತನ್ನದರ ಹಾಗೇ ಇದೆ, ಆದರೆ ತನ್ನದಲ್ಲ. ಬರಹ ತಜ್ಞರ ವರದಿ ಬರಲು ತಿಂಗಳು ಬೇಕು. ಅಷ್ಟರಲ್ಲಿ ಎಫ್‌ಐಆರ್‌ನಲ್ಲಿ ಹೆಸರು ಬಂದರೆ ಈ ವ್ಯಾಪಾರ ಮುಗಿದ ಹಾಗೆ. ಮಾಯಾ ಅದನ್ನೇ ಹೇಳಿದಳು.

“ಮೇಡಂ, ನಾಳೆ ಪೇಪರ್ನಲ್ಲಿ ನನ್ ಹೆಸ್ರು ಬಂದ್ರೆ ಮತ್ತೆ ಯಾರೂ ಮಕ್ಳನ್ನ ಕರ್ಕೊಂಡು ಈ ಕಡೆ ಬರಲ್ಲ. ನಾಕ್ ವರ್ಷ ಒಬ್ಳೇ ಸುತ್ತಿ ಹುಡುಕಿರೋ ದಾರಿ ಇದು.”

ಅವಳ ಹೆಸರು ಬರೆಯಲು ಮಲ್ಲಿಕಾಂಬಳ ಕೈ ತುರಿಸುತ್ತಿತ್ತು. ಸಂಜೆಯೊಳಗೆ ಬೇರೆ ಯಾರೂ ಸಿಗದಿದ್ದರೆ ಬರೆಯಲೇಬೇಕು. ಆದರೆ ಅದು ಸಾಕ್ಷ್ಯದ ತುರಿಕೆಯೋ ಹೊಟ್ಟೆಕಿಚ್ಚಿನ ತುರಿಕೆಯೋ ಎಂದು ತನಗೇ ಅನುಮಾನ ಬಂದು ಅವಳು ಪೆನ್ನು ಕೆಳಗಿಟ್ಟಳು.

*

ಚೀಲ ಯಾರ ಕೈಯಿಂದ ಯಾರ ಕೈಗೆ ಹೋಯಿತು? ಹಿಂದಿನ ಸಂಜೆ ಮಾಯಾಳ ಮನೆಯಲ್ಲೇ ತುಂಬಿಟ್ಟಿದ್ದು. ಬೆಳಿಗ್ಗೆ ಎಂಟಕ್ಕೆ ಕಡೂರು ಬಸ್‌ಸ್ಟ್ಯಾಂಡಿನ ಮುಂದೆ ಕಾರಿನವರಿಗೆ ಸೇರಿದ್ದು. ಮಾಯಾ ಫೋನಿನಲ್ಲಿದ್ದುದರಿಂದ ಚೀಲವನ್ನು ಕಾರಿನೊಳಗೆ ಕೊಟ್ಟವನು ಟ್ಯಾಕ್ಸಿ ಸ್ಟ್ಯಾಂಡಿನ ಷಡಕ್ಷರಿ.

ಷಡಕ್ಷರಿಯ ಹೆಸರು ಕೇಳುತ್ತಲೇ ಮಲ್ಲಿಕಾಂಬಳ ಕಿವಿ ನೆಟ್ಟಗಾಯಿತು. ಅವನ ಮೂರು ಟ್ಯಾಕ್ಸಿಗಳು ಈ ಬೇಸಿಗೆಯಲ್ಲಿ ನೆರಳಲ್ಲಿ ನಿಂತಿದ್ದವು. ಮಾಯಾಳ ಗಿರಾಕಿಗಳ ಗಾಡಿ ಒಂದಿನ ಹಳ್ಳಕ್ಕೆ ಬೀಳುತ್ತೆ ನೋಡ್ತಿರಿ ಎಂದು ಅವನು ಟೀ ಅಂಗಡಿಯಲ್ಲಿ ಹೇಳಿದ್ದನ್ನು ಹತ್ತು ಜನ ಕೇಳಿದ್ದರು.

ಷಡಕ್ಷರಿ ಅಡಗಿಸಲಿಲ್ಲ. ಹೌದು, ಅಂದಿದ್ದೆ ಎಂದ. ಮೊನ್ನೆ ಮೊನ್ನೆ ಸ್ಟೇರಿಂಗ್ ಹಿಡಿದವಳು ದಾರಿ ಹೇಳುತ್ತಾಳೆ, ಇಪ್ಪತ್ತೈದು ವರ್ಷ ಓಡಿಸಿದವನನ್ನು ಕೇಳುವವರಿಲ್ಲ, ಹೊಟ್ಟೆ ಉರಿಯುತ್ತೆ ಎಂದ. ಚೀಟಿ ಓದಲು ಕೊಟ್ಟಾಗ ಮಾತ್ರ ಹುಬ್ಬು ಗಂಟಿಕ್ಕಿತು.

“ಇದೇನ್ ಮೇಡಂ ಹಿಂಗ್ ಬರ್ದವ್ರೆ? ಅರಳಿಕಟ್ಟೆ ಎಡಕ್ಕೆ ಎಲ್ಲೈತೆ ಕೆರೆ?”

ಮಲ್ಲಿಕಾಂಬ ಅವನ ಮುಖವನ್ನೇ ನೋಡಿದಳು. ಆಸ್ಪತ್ರೆಯಲ್ಲಿ ಗಾಯಾಳು ಶಿವಕುಮಾರ್, ತುಮಕೂರಿನ ಬ್ಯಾಂಕ್ ನೌಕರ, ಹೇಳಿದ್ದು ಅವಳಿಗೆ ನೆನಪಾಯಿತು. ಕೆರೆ ಏರಿ ಸಿಗುತ್ತದೆ ಎಂದು ಚೀಟಿಯಲ್ಲಿತ್ತು, ಮುಂದೆ ಮಣ್ಣಿನ ದಿಬ್ಬ ಕಂಡಿತು, ಅದೇ ಏರಿ ಅಂದುಕೊಂಡು ಹತ್ತಿಸಿದೆ ಎಂದಿದ್ದ. ಅದು ಕ್ವಾರಿಯವರು ಎಂದೋ ಸುರಿದಿದ್ದ ಮಣ್ಣು.

*

ಮಧ್ಯಾಹ್ನ ಮೂರಕ್ಕೆ ಅವಳು ಒಬ್ಬಳೇ ಅರಳಿಕಟ್ಟೆಗೆ ಹೋದಳು. ಕಡೂರಿನ ಕಡೆ ಬೆನ್ನು, ಅಜ್ಜಂಪುರದ ಕಡೆ ಮುಖ ಮಾಡಿ ನಿಂತಳು. ಕಟ್ಟೆ ದಾಟಿದ ಕೂಡಲೇ ಎರಡು ಮಣ್ಣುದಾರಿಗಳು, ಎದುರುಬದುರಾಗಿ. ಎಡಕ್ಕೆ ಕ್ವಾರಿ. ಬಲಕ್ಕೆ ನಡೆದಳು. ಇನ್ನೂರು ಹೆಜ್ಜೆಗೆ ಕೆರೆ ಏರಿ ಸಿಕ್ಕಿತು. ಅಗಲವಾದ ಏರಿ. ತುದಿಯಲ್ಲಿ ಕೋಡಿ, ಅಲ್ಲಿಗೆ ದಾರಿ ಮುಗಿಯಿತು. ಕಾರು ಬಂದಿದ್ದರೆ ಬೈದುಕೊಳ್ಳುತ್ತಾ ರಿವರ್ಸ್ ಹೋಗಬೇಕಿತ್ತು. ಅಷ್ಟೇ.

ಅಂದರೆ ಚೀಟಿ ಬರೆದವರು ಕ್ವಾರಿಗೆ ಕಳಿಸಲಿಲ್ಲ. ಕೆರೆಗೆ ಕಳಿಸಿದರು. ಕೊಲ್ಲುವ ಮನಸ್ಸಲ್ಲ, ಹೆಸರು ಕೆಡಿಸುವ ಮನಸ್ಸು. ಎಡ ಬಲ ಮಾತ್ರ ತಪ್ಪಿತು.

ಸ್ಟೇರಿಂಗ್ ಹಿಡಿದವರು ಯಾರೂ ಆ ತಪ್ಪು ಮಾಡುವುದಿಲ್ಲ. ಷಡಕ್ಷರಿ ಮಾಡುವುದಿಲ್ಲ, ಮಾಯಾಳೂ ಮಾಡುವುದಿಲ್ಲ. ಹಾಗಾದರೆ ಈ ದಾರಿ ಗೊತ್ತಿದ್ದೂ ಇದರ ಎಡ ಬಲ ಗೊತ್ತಿಲ್ಲದವರು ಯಾರು?

*

ಕಡೂರಿನಲ್ಲಿ ಮಾಯಾಳ ಮನೆಯ ಪಡಸಾಲೆಯ ಗೋಡೆಯ ಮೇಲೆ ಪೇಪರಿನ ತುಂಡೊಂದಕ್ಕೆ ಕಟ್ಟು ಹಾಕಿಸಿದ್ದರು. ಹೋದ ವಾರದ್ದು. ಮಾಯಾಳ ದೊಡ್ಡ ಫೋಟೋ, ಕೆಳಗೆ ‘ಮಾಯಾ ಅವರ ಕೈರುಚಿಯ ಮಾವಿನಕಾಯಿ ಚಿತ್ರಾನ್ನ’ ಎಂದು ದಪ್ಪಕ್ಷರ.

ಅಡುಗೆಮನೆಯಲ್ಲಿ ಇನ್ನೊಬ್ಬಳಿದ್ದಳು. ಕೋಮಲಾ, ಮಾಯಾಳ ವಾರಗಿತ್ತಿ, ಮನೆಯ ಹಿರಿ ಸೊಸೆ. ಗಿರಾಕಿಗಳಿಗೆ ಅಡುಗೆ ಮಾಡುವುದು, ಚೀಲ ತುಂಬುವುದು ಅವಳೇ. ಮಗುವಿನ ಕೈ ಹೇಗಿದೆ ಎಂದು ಮೊದಲು ಕೇಳಿದಳು. ಆಪರೇಷನ್ ಆಗಬೇಕಂತೆ ಎಂದಾಗ ಸ್ಟೌ ಕಡೆ ತಿರುಗಿಕೊಂಡಳು. ಬೇಡವೆಂದರೂ ತಟ್ಟೆಗೆ ಚಿತ್ರಾನ್ನ ಹಾಕಿಕೊಟ್ಟಳು. ಮಲ್ಲಿಕಾಂಬ ಒಂದು ತುತ್ತು ತಿಂದು, ಮಾಯಾ ಮೇಡಂ ಕೈರುಚಿ ಪೇಪರಿನವರು ಹೇಳಿದಂತೇ ಇದೆ ಎಂದಳು.

ಕೋಮಲಾಳ ಕೈಯಲ್ಲಿದ್ದ ಸೌಟು ನಿಂತಿತು. ಒಂದು ಉಸಿರಿನಷ್ಟು ಹೊತ್ತು. ಮತ್ತೆ ಆಡಿತು.

ಆ ನಿಂತಿದ್ದು ಏನೆಂದು ಮಲ್ಲಿಕಾಂಬಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ಜಲಪಾತದ ಫೋಟೋ ಕಂಡಾಗ ಅವಳ ಹೆಬ್ಬೆರಳೂ ಫೋನಿನ ಮೇಲೆ ಹೀಗೇ ನಿಂತಿತ್ತು.

ಊಟದ ಪಾತ್ರೆಗಳು ತೋಪಿಗೆ ಹೇಗೆ ಹೋಗುತ್ತವೆ ಎಂದು ಕೇಳಿದಳು. ತಿಮ್ಮರಾಯಪ್ಪನ ಲಗೇಜ್ ಆಟೋದಲ್ಲಿ ಎಂದಳು ಕೋಮಲಾ.

“ಮುಂದೆ ಒಬ್ರಿಗೇ ಜಾಗ. ನಾನ್ ಹಿಂದ್ಗಡೆ ಸಾರಿನ್ ಪಾತ್ರೆ ಹಿಡ್ಕೊಂಡು ಕೂತ್ಕೋತೀನಿ. ಚೆಲ್ಬಾರ್ದಲ್ಲ.”

“ನಡೀರಿ, ಒಂದ್ ಸುತ್ತು ಹೋಗಿ ಬರಣ” ಎಂದಳು ಮಲ್ಲಿಕಾಂಬ.

*

ಆಟೋ ಕಡೂರು ಬಿಟ್ಟಿತು. ಹಿಂದೆ ಮಾಯಾಳ ಕಾರು, ಅದರ ಹಿಂದೆ ಠಾಣೆಯ ಜೀಪು. ಕೋಮಲಾ ಅಭ್ಯಾಸದಂತೆ ಡ್ರೈವರ್ ಕಡೆಗೆ ಬೆನ್ನು ಕೊಟ್ಟು ಕುಳಿತಳು. ಮಲ್ಲಿಕಾಂಬ ಪಕ್ಕದಲ್ಲೇ ಕುಳಿತಳು. ರಸ್ತೆ ಅವರಿಂದ ದೂರ ಓಡುತ್ತಿತ್ತು. ಮರಗಳು ಬೆನ್ನ ಹಿಂದಿನಿಂದ ಬಂದು, ಕಣ್ಣಿಗೆ ಬೀಳುವಷ್ಟರಲ್ಲಿ ಸಣ್ಣದಾಗುತ್ತಿದ್ದವು. ಮುಖಕ್ಕೆ ಧೂಳು ಹೊಡೆಯುತ್ತಿತ್ತು. ವಾಪಸು ಬರುವಾಗ ಹೆದ್ದಾರಿಯಲ್ಲೇ ಬರುತ್ತೇವೆ, ಈ ರಸ್ತೆ ಹೋಗುವಾಗ ಮಾತ್ರ ಎಂದು ಮಲ್ಲಿಕಾಂಬ ಕೇಳಿದ್ದಕ್ಕೆ ಕೋಮಲಾ ಹೇಳಿದಳು. ಎರಡು ಬೇಸಿಗೆ ಹೀಗೇ ಹೋಗಿದ್ದಳು.

ಅರಳಿಕಟ್ಟೆ ದಾಟಿತು. ಮಲ್ಲಿಕಾಂಬ ಆಟೋ ನಿಲ್ಲಿಸಲು ತಟ್ಟಿದಳು. ಬಾಯಾರಿದೆ, ಇಲ್ಲೆಲ್ಲೋ ಕೆರೆ ಇದೆಯಂತಲ್ಲ, ಯಾವ ಕಡೆ ಎಂದು ಕೇಳಿದಳು.

ಕೋಮಲಾಳ ಎಡಗೈ ಮೇಲೆದ್ದಿತು.

“ಅಗೋ, ಎಡಕ್ಕೆ. ಹೋದ್ ವರ್ಷ ಸಾರು ಚೆಲ್ದಾಗ ಕೈ ತೊಳಿಯಕ್ ನಿಂತಿದ್ವಲ್ಲ.”

ಮುಂದಿನಿಂದ ತಿಮ್ಮರಾಯಪ್ಪ ತಲೆ ಹೊರಗೆ ಹಾಕಿದ. “ಎಡಕ್ಕಲ್ಲ ಕಣ್ ಕೋಮಲಕ್ಕ, ಬಲಕ್ಕೆ. ಎಡಕ್ಕೆ ಕ್ವಾರಿ ಐತೆ.”

ಕೋಮಲಾ ತನ್ನ ಕೈಯನ್ನೇ ನೋಡಿದಳು. ಆಮೇಲೆ ಕತ್ತು ಪೂರಾ ತಿರುಗಿಸಿ ಮುಂದಿನ ರಸ್ತೆ ನೋಡಿದಳು. ಕೈ ನಿಧಾನವಾಗಿ ಮಡಿಲಿಗೆ ಇಳಿಯಿತು.

ಮಾಯಾ ಕಾರಿಳಿದು ಬಂದಿದ್ದಳು. ಮಲ್ಲಿಕಾಂಬ ಇಬ್ಬರಿಗೂ ಕೇಳುವಂತೆ ವಿವರಿಸಿದಳು. ಚೀಟಿಯಲ್ಲಿ ಕೆರೆ ಏರಿ ಎಂದಿತ್ತು, ಕೆರೆ ಇರುವುದು ಗಾಡಿಯ ಬಲಕ್ಕೆ. ಹಾಗಾಗಿ ಬರೆದವರು ಕೆರೆಯನ್ನು ತಮ್ಮ ಎಡಕ್ಕೆ ಕಂಡವರು. ಈ ರಸ್ತೆಯಲ್ಲಿ ಯಾವಾಗಲೂ ಹಿಂದು ಮುಂದಾಗಿ ಕುಳಿತು ಹೋದವರು ಒಬ್ಬರೇ. ಚೀಲ ತುಂಬಿದವರೂ ಅವರೇ. ಮಾಯಾ ಬರೆದ ಹಳೇ ಚೀಟಿಗಳು ಆ ಅಡುಗೆಮನೆಯಲ್ಲೇ ಬಿದ್ದಿರುತ್ತವೆ, ಅಕ್ಷರ ತಿದ್ದಿ ಕಲಿಯಲು ಅಷ್ಟು ಸಾಕು.

ಕೋಮಲಾ ಇಲ್ಲ ಎನ್ನಲಿಲ್ಲ.

“ಕೆರೆ ಕೋಡಿ ತಂಕ ಹೋಗಿ, ದಾರಿ ಸಿಕ್ದೆ, ಮಾಯಾನ ನಾಕ್ ಬಯ್ದು ಹೋಗ್ಲಿ ಅಂತಿದ್ದೆ. ಕ್ವಾರಿ ಐತೆ ಅಂತ್ಲೇ ನಂಗೊತ್ತಿಲ್ಲ. ಆ ಮಗೀನ್ ಕೈ...” ಎಂದು ನಿಂತು, ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು.

ಮಾಯಾ ಅವಳ ಹತ್ತಿರಕ್ಕೆ ಬಂದಳು. “ಅಕ್ಕ, ಒಂದ್ ಮಾತ್ ಹೇಳಿದ್ರೆ ವಿಡಿಯೋದಲ್ಲಿ ನಿಮ್ಮನ್ನೇ ನಿಲ್ಲುಸ್ತಿದ್ನಲ್ಲ. ಪೇಪರ್ನೋರಿಗೂ ನಿಮ್ ಹೆಸ್ರೇ ಹೇಳ್ತಿದ್ದೆ.”

“ಅದನ್ನೂ ಕೇಳಿ ಈಸ್ಕೋಬೇಕಾ ಮಾಯಾ?”

ಮಧ್ಯಾಹ್ನ ಸಾಕ್ಷ್ಯವಿಲ್ಲದೆ ಮಾಯಾಳ ಹೆಸರು ಬರೆಯಲು ಹೊರಟಿದ್ದ ಪೆನ್ನು ಮಲ್ಲಿಕಾಂಬಳ ಜೇಬಿನಲ್ಲೇ ಇತ್ತು. ಅದರಲ್ಲೇ ಕೋಮಲಾಳ ಹೆಸರು ಬರೆದುಕೊಂಡಳು. ಬರೆಯುವಾಗ ಕೈ ತುರಿಸಲಿಲ್ಲ.

ಕೋಮಲಾ ಜೀಪಿನ ಹಿಂದಿನ ಬಾಗಿಲ ಕಡೆ ತಾನಾಗಿಯೇ ನಡೆದಳು. ಮಲ್ಲಿಕಾಂಬ ಅವಳ ತೋಳು ಹಿಡಿದು ಮಧ್ಯದ ಸೀಟಿನಲ್ಲಿ, ತನ್ನ ಪಕ್ಕ, ಮುಂದಕ್ಕೆ ಮುಖ ಮಾಡಿ ಕೂರಿಸಿದಳು. ಜೀಪು ಅಜ್ಜಂಪುರದ ಕಡೆ ಹೊರಟಿತು. ಸಂಜೆ ಬಿಸಿಲಿಗೆ ಹೊಂಗೆಮರಗಳು ಎರಡೂ ಕಡೆಯಿಂದ ಬಾಗಿ ಎದುರಿಗೆ ಬರುತ್ತಿದ್ದವು. ದೂರದಲ್ಲಿ ಸಣ್ಣದಾಗಿದ್ದ ಗುಡ್ಡ ಹತ್ತಿರವಾಗುತ್ತಾ ದೊಡ್ಡದಾಗುತ್ತಿತ್ತು.

ಕೋಮಲಾ ಬಹಳ ಹೊತ್ತು ಗಾಜಿನಾಚೆ ನೋಡಿದಳು.

“ಈ ದಾರಿ ಇಷ್ಟ್ ಚೆನ್ನಾಗೈತಾ” ಎಂದಳು, ಯಾರಿಗೂ ಅಲ್ಲ ಎಂಬಂತೆ.

ಮಲ್ಲಿಕಾಂಬ ನಿಧಾನ ಹೋಗಪ್ಪ ಎಂದು ಡ್ರೈವರಿಗೆ ಹೇಳಿದಳು.