ಆರಡಿ ಸರಿದ ಗಡಿಕಲ್ಲು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಒಂಬತ್ತೂಕಾಲು. ರೈಲ್ವೆ ಎಂಜಿನಿಯರ್ ಠಾಣೆಗೆ ದೂರು ತಂದರು. ಕೇಂದ್ರದ ರೈಲ್ವೆ ಜಾಗಕ್ಕೂ ರಾಜ್ಯದ ರಸ್ತೆಗೂ ನಡುವಿನ ಗಡಿಕಲ್ಲನ್ನು ಯಾರೋ ಹಳಿಯ ಕಡೆಗೆ ಆರಡಿ ಸರಿಸಿದ್ದಾರೆ.

"ರೈಲ್ವೆ ಪೊಲೀಸರ ಹತ್ರ ಹೋಗಿ ಸಾರ್," ಎಂದ ಹೆಡ್ ಕಾನ್ಸ್‌ಟೇಬಲ್.

"ಅವರು ನಿಮ್ಮ ಹತ್ರ ಕಳಿಸಿದ್ರು."

ಮಹಿಳಾ ಇನ್‌ಸ್ಪೆಕ್ಟರ್ ತಲೆ ಎತ್ತಿದರು. ಮೂರು ವರ್ಷದಲ್ಲಿ ಒಬ್ಬ ದೂರುದಾರನನ್ನೂ ಅವರು ಬಾಗಿಲಿಂದ ವಾಪಸ್ ಕಳಿಸಿರಲಿಲ್ಲ. ಆ ಹೆಮ್ಮೆಯನ್ನು ಮುಚ್ಚಿಡುವವರೂ ಅಲ್ಲ. "ನಮ್ಮ ಠಾಣೆಗೆ ಬಂದ್ಮೇಲೆ ನಮ್ದೇ. ಎಫ್‌ಐಆರ್ ಬರೀರಿ."

ಹತ್ತೂಮುಕ್ಕಾಲಿಗೆ ಸ್ಥಳ ಪಂಚನಾಮೆ. ರಸ್ತೆಯಿಂದ ಹಳಿಯಡಿಯ ಸುರಂಗಕ್ಕೆ ಇಳಿಜಾರು ದಾರಿ. ಗಡಿಕಲ್ಲಿನವರೆಗೆ ರಾಜ್ಯ ಕಟ್ಟಬೇಕು, ಉಳಿದ ಆರಡಿ ಕೇಂದ್ರ. ಆ ಆರಡಿಯ ಕಡತ ನಾಲ್ಕು ವರ್ಷದಿಂದ ಅಲ್ಲಿಂದಿಲ್ಲಿಗೆ ಅಲೆಯುತ್ತಿತ್ತು. ಹೋದ ವಾರ ರಾಜ್ಯದ ಗುತ್ತಿಗೆದಾರ ಆದೇಶದಂತೆ ಕಲ್ಲಿನವರೆಗೆ ಕಾಂಕ್ರೀಟ್ ಹಾಕಿದ್ದ. ಆದರೆ ಕಲ್ಲು ಆಗಲೇ ಸುರಂಗದ ಬಾಯಿಗೆ ಸರಿದಿತ್ತು, ಆ ಆರಡಿಗೂ ಕಾಂಕ್ರೀಟ್ ಬಿದ್ದಿತ್ತು.

ಬುಡಕ್ಕೆ ಜಲ್ಲಿ ತುಂಬಿ ಗಟ್ಟಿ ಮಾಡಲಾಗಿತ್ತು. ಕಲ್ಲಿನ ಸಂಖ್ಯೆ ನಿಯಮದಂತೆ ಹಳಿಯ ಕಡೆಗೆ. ಮೈಗೆ ಹೊಸ ಸುಣ್ಣ.

"ಕಳ್ಳ ಸುಣ್ಣ ಬೇರೆ ಬಳಿದಿದ್ದಾನಲ್ಲ ಮೇಡಂ," ಎಂದ ಹೆಡ್ ಕಾನ್ಸ್‌ಟೇಬಲ್.

"ಕೆಲಸ ಗೊತ್ತಿರೋನು," ಎಂದರು ಇನ್‌ಸ್ಪೆಕ್ಟರ್. ಎಂಜಿನಿಯರ್ ಕೆಮ್ಮಿ, ಒಂದು ಹೆಸರು ಹೇಳಿದರು. ಇಷ್ಟು ಅಚ್ಚುಕಟ್ಟಾಗಿ ಕಲ್ಲು ನೆಡುವವರು ಅವರಿಗೆ ಗೊತ್ತಿದ್ದಂತೆ ಒಬ್ಬರೇ, ಹಳಿ ದುರಸ್ತಿಯ ನಿವೃತ್ತ ಗ್ಯಾಂಗ್‌ಮನ್ ಅಜ್ಜ.

ಹನ್ನೆರಡೂ ಇಪ್ಪತ್ತಕ್ಕೆ ಅಜ್ಜನ ಮನೆ.

"ಕಲ್ಲು ಸರಿಸಿದ್ದು ನೀವಾ?"

"ಹೂಂ. ಮೂವತ್ತೆರಡು ವರ್ಷದ ಹಿಂದೆ ನೆಟ್ಟೋನೂ ನಾನೇ."

"ಸುಣ್ಣದಿಂದ್ಲೇ ಸಿಕ್ಕಿಬಿದ್ರಲ್ಲ. ಯಾಕೆ ಬಳಿದ್ರಿ?"

"ಅರ್ಧ ಕೆಲಸ ಬಿಟ್ಟು ಬರೋಕಾಗುತ್ತಾ ತಾಯಿ?"

"ಸರಿಸಿದ್ದು ಯಾಕೆ?"

"ಮೊಮ್ಮಗಳದು ಗಾಲಿಕುರ್ಚಿ. ಶಾಲೆ ಹಳಿ ಆಚೆ. ಕಟ್ಟದೆ ಬಿಟ್ಟಿದ್ದ ಆ ಆರಡಿ ಗುಂಡೀಲಿ ದಿನಾ ಎತ್ತಿ ಇಳಿಸ್ತಿದ್ದೆ. ಮೊಣಕಾಲು ಕೈಕೊಡ್ತು, ಮಗು ಎರಡು ತಿಂಗಳು ಮನೇಲೇ ಕೂತ್ಲು. ಅವರನ್ನ ಕೇಳಿದ್ರೆ ಇವರು, ಇವರನ್ನ ಕೇಳಿದ್ರೆ ಅವರು. ಕಲ್ಲಿಗಾದ್ರೆ ಹಾರೆ ಹಾಕಿ ಎಬ್ಬಿಸಬಹುದು. ಮಗೂಗೆ ಹಾರೆ ಹಾಕೋಕಾಗುತ್ತಾ?"

ಒಂದೂ ಹತ್ತಕ್ಕೆ ಬಂಧನ. ಜಾಮೀನು ಸಿಗುವ ಅಪರಾಧ. ಠಾಣೆಯಲ್ಲೇ ಕಾಗದ ಸಿದ್ಧವಾಯಿತು.

ನಾಲ್ಕೂಕಾಲಿಗೆ ಠಾಣೆಯ ಬಾಗಿಲಲ್ಲಿ ಗಾಲಿಕುರ್ಚಿ. ಮೊಮ್ಮಗಳು ಶಾಲೆ ಮುಗಿಸಿ, ಸುರಂಗ ದಾಟಿ, ಇಳಿಜಾರು ಹತ್ತಿ ಬಂದಿದ್ದಳು. ಹಿಂದೆ ತಳ್ಳುವವರು ಯಾರೂ ಇರಲಿಲ್ಲ.

"ತಾತ, ಮನೆಗೆ ಹೋಗೋಣ್ವಾ?"

ಅಜ್ಜ ಕಾನ್ಸ್‌ಟೇಬಲ್ ಕಡೆ ತಿರುಗಿದ. "ಒಬ್ಳೇ ಬಂದ್ಲು, ನೋಡಿದ್ರಾ." ಆರೋಪಿಯ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ಆ ಠಾಣೆ ಕಂಡಿರಲಿಲ್ಲ.

"ಕಲ್ಲನ್ನ ಮೊದಲಿನ ಜಾಗಕ್ಕೆ ಇಡಿಸ್ತೀನಿ," ಎಂದು ಇನ್‌ಸ್ಪೆಕ್ಟರ್, ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಎಂಜಿನಿಯರಿಗೆ ಹೇಳಿದರು. "ಆದ್ರೆ ಕಾಂಕ್ರೀಟ್ ಇರೋದು ಕೇಂದ್ರದ ಜಾಗದಲ್ಲಿ. ಅದನ್ನ ಒಡೆಯೋ ಅಧಿಕಾರ ರಾಜ್ಯಕ್ಕಿಲ್ಲ. ನೀವು ಒಡೀತೀರಾ?"

ಎಂಜಿನಿಯರ್ ಹುಡುಗಿಯನ್ನು ನೋಡಿದರು, ಅಜ್ಜನನ್ನು ನೋಡಿದರು.

"ಅದಕ್ಕೆ ಹೊಸ ಕಡತ ಹಾಕ್ಬೇಕು ಮೇಡಂ. ನಾಲ್ಕು ವರ್ಷವಾದ್ರೂ ಹಿಡಿಯುತ್ತೆ."

ಅಪರಾಧದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ ತಮ್ಮ ಕೈಯಾರೆ ಬರೆದರು: ಮೊಮ್ಮಗಳು ಶಾಲೆಗೆ ಹೋಗಬೇಕಿತ್ತು.